ಯೂನಿಯನ್ ಬೇಕೇ ಬೇಡವೇ ಎನ್ನುವ ಮೊದಲು: ಒಪ್ಪಂದಕ್ಕೆ ಸಹಿ ಹಾಕುವವರು ಯಾರು?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳಲ್ಲಿ ಒಂದಾದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮೂರು ಹಳೆಯ ಕಾಯ್ದೆಗಳು ಅಡಗಿವೆ: 1926ರ ಕಾರ್ಮಿಕ ಸಂಘಗಳ ಕಾಯ್ದೆ, 1946ರ ಸ್ಥಾಯಿ ಆದೇಶಗಳ (ಕಾರ್ಖಾನೆಯ ಕೆಲಸದ ನಿಯಮಗಳ) ಕಾಯ್ದೆ ಮತ್ತು 1947ರ ಕೈಗಾರಿಕಾ ವಿವಾದ ಕಾಯ್ದೆ. ಸಂಹಿತೆ ಜಾರಿಯಾಗುತ್ತಿದ್ದಂತೆ ಹಳೆಯ ಜಗಳವೂ ಎದ್ದು ಕೂತಿತು. ಯೂನಿಯನ್‌ಗಳಿಂದಲೇ ಕಾರ್ಖಾನೆಗಳಿಗೆ ಬೀಗ ಬಿತ್ತು ಎನ್ನುವವರು ಒಂದು ಕಡೆ. ಯೂನಿಯನ್ ಇಲ್ಲದಿದ್ದರೆ ಎಂಟು ಗಂಟೆಯ ಪಾಳಿಯೂ ಇರುತ್ತಿರಲಿಲ್ಲ ಎನ್ನುವವರು ಇನ್ನೊಂದು ಕಡೆ.

ಎರಡೂ ಕಡೆಯವರು ‘ಯೂನಿಯನ್’ ಎಂದಾಗ ಅದು ಎಲ್ಲೆಡೆ ಒಂದೇ ತರಹದ್ದು ಎಂದುಕೊಂಡಿರುತ್ತಾರೆ. ಕಾರ್ಖಾನೆಯ ಒಳಗೆ ಹಾಗಿಲ್ಲ. ನೋಂದಣಿಯಾಗಿದ್ದರೂ ಆಡಳಿತ ಮಂಡಳಿ ಮಾತಿಗೆ ಕರೆಯದ ಸಂಘವಿದೆ. ಮಾನ್ಯತೆ ಇದ್ದೂ ಕೆಲಸಗಾರರ ಬೆಂಬಲ ಕಳೆದುಕೊಂಡ ಸಂಘವಿದೆ. ಬೆಂಬಲ, ಮಾನ್ಯತೆ ಎರಡೂ ಇದ್ದು ಮೂರು ನಾಲ್ಕು ವರ್ಷಕ್ಕೊಮ್ಮೆ ಸದ್ದಿಲ್ಲದೆ ವೇತನ ಒಪ್ಪಂದ ಮುಗಿಸುವ ಸಂಘವೂ ಇದೆ. ಮೂರನೆಯದು ಸುದ್ದಿಯಾಗುವುದಿಲ್ಲ, ಮೊದಲೆರಡು ಆಗುತ್ತವೆ. ಯೂನಿಯನ್‌ನಿಂದ ಒಳ್ಳೆಯದಾಗುತ್ತದೋ ಕೆಟ್ಟದ್ದೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದರ ಬಾವುಟದ ಬಣ್ಣಕ್ಕಿಂತ ಹೆಚ್ಚಾಗಿ ಮೂರು ನಿಯಮಗಳು: ಮಾತುಕತೆಗೆ ಯಾರು ಕೂರಬೇಕು, ಅವರನ್ನು ಆರಿಸಲು ಯಾರ ತಲೆ ಎಣಿಸಬೇಕು, ಅವರ ಸಹಿ ಯಾರಿಗೆಲ್ಲ ಅನ್ವಯಿಸಬೇಕು.

ನೋಂದಣಿ ಬೇರೆ, ಮಾನ್ಯತೆ ಬೇರೆ

ಸಂಘ ನೋಂದಾಯಿಸಲು ಕನಿಷ್ಠ 7 ಮಂದಿ ಅರ್ಜಿಗೆ ಸಹಿ ಹಾಕಬೇಕು. 2001ರ ತಿದ್ದುಪಡಿಯ ನಂತರ ಇನ್ನೊಂದು ಷರತ್ತು ಸೇರಿತು: ಆ ಸಂಸ್ಥೆಯ ಕಾರ್ಮಿಕರಲ್ಲಿ ಶೇ 10 ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಸಂಹಿತೆಯಲ್ಲೂ ಇದೇ ಲೆಕ್ಕ ಮುಂದುವರಿದಿದೆ. ಅರ್ಜಿಯ ಜೊತೆಗೆ ಸಂಘದ ನಿಯಮಾವಳಿ, ಪದಾಧಿಕಾರಿಗಳ ವಿವರ ಮತ್ತು ಉದ್ದೇಶಗಳು ಹೋಗಬೇಕು. ಆಮೇಲೆ ಪ್ರತಿವರ್ಷ ಲೆಕ್ಕಪತ್ರ ಸಲ್ಲಿಸಬೇಕು. ಎಷ್ಟೋ ಸಣ್ಣ ಸಂಘಗಳು ಎಡವುವುದು ಇಲ್ಲಿಯೇ. ಚುನಾವಣೆ, ಗೇಟ್ ಮೀಟಿಂಗ್ ಎಲ್ಲ ಸಾಂಗವಾಗಿ ನಡೆದಿರುತ್ತದೆ, ವಾರ್ಷಿಕ ವಿವರ ಮಾತ್ರ ಸಲ್ಲಿಕೆಯಾಗಿರುವುದಿಲ್ಲ. ವಿವಾದ ಎದ್ದ ದಿನ ಎದುರು ಪಕ್ಷದ ವಕೀಲರು ಮೊದಲು ಕೇಳುವುದು ಅದನ್ನೇ.

ನೋಂದಣಿಯಿಂದ ಸಿಗುವುದೇನು? ಮುಖ್ಯವಾಗಿ ರಕ್ಷಣೆ. ಇದರ ಹಿನ್ನೆಲೆ ಮದ್ರಾಸಿನಲ್ಲಿದೆ. 1918ರಲ್ಲಿ ಬಿ.ಪಿ. ವಾಡಿಯಾ ಮುಂದಾಳತ್ವದಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಶುರುವಾಯಿತು. ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ವಿವಾದದಲ್ಲಿ ಆಡಳಿತ ಮಂಡಳಿ ಮದ್ರಾಸ್ ಹೈಕೋರ್ಟಿಗೆ ಹೋಯಿತು. ನೌಕರರು ಕೆಲಸದ ಕರಾರು ಮುರಿಯುವಂತೆ ಪ್ರಚೋದಿಸಿದರು ಎಂಬ ಕಾರಣಕ್ಕೆ ಸಂಘದ ಮುಖಂಡರ ಮೇಲೆ ತಡೆಯಾಜ್ಞೆ ಬಂತು. ಮುಷ್ಕರಕ್ಕೆ ಕರೆ ಕೊಟ್ಟವರು ಕಂಪನಿಯ ನಷ್ಟ ಕಟ್ಟಿಕೊಡಬೇಕಾಗುತ್ತದೆ ಎಂದರೆ ಸಂಘ ಕಟ್ಟುವವರು ಯಾರು? ಕಾರ್ಮಿಕ ಮುಖಂಡ ಎನ್.ಎಂ. ಜೋಶಿ 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ನಿರ್ಣಯ ತಂದರು. ಐದು ವರ್ಷದ ನಂತರ ಕಾಯ್ದೆ ಬಂತು. ನೋಂದಾಯಿತ ಸಂಘದ ನ್ಯಾಯಬದ್ಧ ಚಟುವಟಿಕೆಗೆ ಕ್ರಿಮಿನಲ್ ಒಳಸಂಚಿನ ಆರೋಪದಿಂದಲೂ ಇಂಥ ಸಿವಿಲ್ ದಾವೆಗಳಿಂದಲೂ ವಿನಾಯಿತಿ ಸಿಕ್ಕಿತು.

ಆದರೆ ಆ ಕಾಯ್ದೆಯಲ್ಲಿ ಎಲ್ಲಿಯೂ ‘ಮಾಲೀಕರು ಈ ಸಂಘದ ಜೊತೆ ಮಾತಾಡಲೇಬೇಕು’ ಎಂಬ ಮಾತಿರಲಿಲ್ಲ. ಮಾನ್ಯತೆಗೆ ದೇಶದ ಹೆಚ್ಚಿನ ಭಾಗದಲ್ಲಿ ಇದ್ದ ಆಧಾರ 1958ರ ಶಿಸ್ತು ಸಂಹಿತೆ. ಅದು ಸ್ವಯಂಪ್ರೇರಿತ ಒಡಂಬಡಿಕೆ, ಕಾನೂನಿನ ಬಲವಿಲ್ಲದ್ದು. ಮಹಾರಾಷ್ಟ್ರದಂಥ ಕೆಲವು ರಾಜ್ಯಗಳು ಮಾತ್ರ ಪ್ರತ್ಯೇಕ ಕಾಯ್ದೆ ಮಾಡಿಕೊಂಡವು. ಕೈಗಾರಿಕಾ ವಿವಾದ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಸದ್ಭಾವನೆಯಿಂದ ಮಾತುಕತೆ ನಡೆಸಲು ನಿರಾಕರಿಸುವುದು ಅನ್ಯಾಯದ ನಡವಳಿಕೆ ಎಂದಿತ್ತು. ಆದರೆ ಅದು ‘ಮಾನ್ಯತೆ ಪಡೆದ’ ಸಂಘಕ್ಕಷ್ಟೇ ಅನ್ವಯ. ಅಂದರೆ ಮಾನ್ಯತೆಯನ್ನೇ ಕೊಡದೆ ಇದ್ದುಬಿಟ್ಟರೆ ಆ ತಪ್ಪು ಹುಟ್ಟುವುದೇ ಇಲ್ಲ. ಈ ಕಿಂಡಿಯಿಂದ ನುಸುಳಿದ ವಿವಾದಗಳು ಒಂದೆರಡಲ್ಲ.

ಮಾನೇಸರದ ಮಾರುತಿ ಘಟಕದಲ್ಲಿ 2011ರಲ್ಲಿ ನಡೆದ ಮೊದಲ ಮುಷ್ಕರದ ಮೂಲ ಬೇಡಿಕೆ ವೇತನವಾಗಿರಲಿಲ್ಲ, ಗುರುಗ್ರಾಮದ ಹಳೆಯ ಸಂಘದಿಂದ ಪ್ರತ್ಯೇಕವಾದ ಸ್ವಂತ ಸಂಘವಾಗಿತ್ತು. ಒಂದು ವರ್ಷ ಎಳೆದಾಡಿದ ಆ ಕಹಿ 2012ರ ಜುಲೈ 18ರ ಹಿಂಸಾಚಾರದಲ್ಲಿ ಮುಗಿಯಿತು; ಮಾನವ ಸಂಪನ್ಮೂಲ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ಜೀವ ಕಳೆದುಕೊಂಡರು. ಆ ಹಿಂಸೆಗೆ ಸಮರ್ಥನೆ ಇಲ್ಲ. ಶ್ರೀಪೆರಂಬದೂರಿನ ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ 2024ರಲ್ಲಿ 37 ದಿನ ನಡೆದ ಮುಷ್ಕರದ ನಡುವಲ್ಲೂ ಇದ್ದದ್ದು ಸಂಘದ ನೋಂದಣಿ ಮತ್ತು ಮಾನ್ಯತೆ. ಸಂಘದ ಹೆಸರಿನಲ್ಲಿ ಕಂಪನಿಯ ಹೆಸರು ಇರಬಾರದು ಎಂಬುದೂ ಒಂದು ತಕರಾರು. ವಿಷಯ ಹೈಕೋರ್ಟ್‌ವರೆಗೆ ಹೋಗಿ, ನೋಂದಣಿ ಆದದ್ದು 2025ರ ಜನವರಿಯಲ್ಲಿ. 1926ರ ಕಾಯ್ದೆಯಲ್ಲಿ ರಿಜಿಸ್ಟ್ರಾರ್ ಇಷ್ಟು ದಿನದೊಳಗೆ ತೀರ್ಮಾನಿಸಬೇಕು ಎಂಬ ಗಡುವೇ ಇರಲಿಲ್ಲ.

51, 20 ಮತ್ತು ಮಸ್ಟರ್ ರೋಲ್

ಹೊಸ ಸಂಹಿತೆ ಈ ಖಾಲಿ ಜಾಗವನ್ನು ತುಂಬಿದೆ. ಅದರ ಬಗ್ಗೆ ಏನೇ ಆಕ್ಷೇಪ ಇದ್ದರೂ ಇದೊಂದು ಹೆಜ್ಜೆ ಮುಂದೆ ಎಂದು ಒಪ್ಪಬೇಕು. ಸಂಸ್ಥೆಯ ಮಸ್ಟರ್ ರೋಲ್‌ನಲ್ಲಿ, ಅಂದರೆ ಹಾಜರಿ ಪಟ್ಟಿಯಲ್ಲಿ, ಇರುವ ಕಾರ್ಮಿಕರಲ್ಲಿ ಶೇ 51 ಅಥವಾ ಹೆಚ್ಚು ಬೆಂಬಲವಿರುವ ಸಂಘವನ್ನು ಮಾಲೀಕರು ಏಕೈಕ ಸಂಧಾನ ಸಂಘ ಎಂದು ಒಪ್ಪಲೇಬೇಕು. ಯಾರಿಗೂ ಅಷ್ಟು ಬೆಂಬಲ ಇಲ್ಲದಿದ್ದರೆ, ಶೇ 20 ಮುಟ್ಟಿದ ಸಂಘಗಳು ಸೇರಿ ಸಂಧಾನ ಮಂಡಳಿ ಆಗುತ್ತದೆ. ಮಾನ್ಯತೆಯ ಅವಧಿ ಮೂರು ವರ್ಷ, ಇಬ್ಬರೂ ಒಪ್ಪಿದರೆ ಗರಿಷ್ಠ ಐದು.

ಸಾವಿರ ಮಂದಿಯ ಕಾರ್ಖಾನೆ ಎಂದುಕೊಳ್ಳಿ. ಒಂದು ಸಂಘಕ್ಕೆ 510 ಮಂದಿ, ಇನ್ನೊಂದಕ್ಕೆ 490. ಮೊದಲನೆಯದು ಏಕೈಕ ಸಂಧಾನ ಸಂಘ. 490 ಮಂದಿಯ ಸಂಘಕ್ಕೆ ಮಾತುಕತೆಯಲ್ಲಿ ಒಂದು ಕುರ್ಚಿಯೂ ಇಲ್ಲ. ಈಗ ಲೆಕ್ಕ ಬದಲಿಸಿ: ಒಂದಕ್ಕೆ 480, ಇನ್ನೊಂದಕ್ಕೆ 330, ಮೂರನೆಯದಕ್ಕೆ 190. ಮೊದಲೆರಡು ಸಂಧಾನ ಮಂಡಳಿಗೆ ಬರುತ್ತವೆ, ಮೂರನೆಯದು ಹತ್ತು ತಲೆ ಕಡಿಮೆಯಾಗಿ ಹೊರಗುಳಿಯುತ್ತದೆ. ಮಂಡಳಿಯಲ್ಲಿರುವ ಪ್ರತಿನಿಧಿಗಳ ಬಹುಮತ ಒಪ್ಪಿದರೆ ಒಪ್ಪಂದ ಆದಂತೆ. ಹೀಗಾಗಿ ಮುಂದೆ ಜಗಳ ನಡೆಯುವುದು ಮಾನ್ಯತೆಯ ಬಗ್ಗೆ ಅಲ್ಲ, ಎಣಿಕೆಯ ಬಗ್ಗೆ.

ಎಣಿಸುವುದು ಹೇಗೆ ಎಂಬುದು ಹಳೆಯ ತಂಟೆ. ಚಂದಾ ರಸೀದಿ ಪುಸ್ತಕ ನೋಡಿ ಎಣಿಸಿದರೆ ಒಬ್ಬನೇ ಕೆಲಸಗಾರನ ಹೆಸರು ಎರಡು ಸಂಘಗಳ ಪಟ್ಟಿಯಲ್ಲಿ ಸಿಗುತ್ತದೆ. ಎರಡೂ ಕಡೆ ಚಂದಾ ಕೊಟ್ಟು ಸುಮ್ಮನಿರುವುದು ಅನೇಕರ ಜಾಣತನ. ಸಂಬಳದಿಂದಲೇ ಚಂದಾ ಮುರಿದುಕೊಳ್ಳುವ ಕ್ರಮದಲ್ಲಿ ಪಟ್ಟಿ ಸ್ವಚ್ಛವಾಗಿರುತ್ತದೆ, ಆದರೆ ಯಾರು ಯಾವ ಸಂಘ ಎಂಬುದು ಆಡಳಿತ ಮಂಡಳಿಗೆ ತಿಂಗಳು ತಿಂಗಳು ಗೊತ್ತಾಗುತ್ತದೆ. ಬಡ್ತಿ, ಪಾಳಿ, ವರ್ಗಾವಣೆ ಎಲ್ಲ ಅವರ ಕೈಯಲ್ಲಿರುವಾಗ ಇದು ಸಣ್ಣ ವಿಷಯವಲ್ಲ. ಗುಪ್ತ ಮತದಾನದಲ್ಲಿ ಈ ಎರಡೂ ತೊಂದರೆ ಇಲ್ಲ. ಭಾರತೀಯ ಆಹಾರ ನಿಗಮದ ಸಿಬ್ಬಂದಿ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಅದರ ವಿಧಾನವನ್ನು ಬಿಡಿಸಿ ಹೇಳಿದೆ. ಗುಪ್ತ ಮತದಾನದ ವಿರುದ್ಧ ಒಂದು ವಾದವಿದೆ: ವರ್ಷವಿಡೀ ಚಂದಾ ಕೊಟ್ಟು ಸಂಘ ನಡೆಸಿದವರ ಮತಕ್ಕೂ ಆ ಒಂದು ದಿನ ಮತ ಹಾಕಿ ಹೋಗುವವರ ಮತಕ್ಕೂ ಒಂದೇ ತೂಕ ಬರುತ್ತದೆ. ಆ ವಾದದಲ್ಲಿ ಹುರುಳಿದ್ದರೂ ಭಯವಿಲ್ಲದೆ ಆರಿಸುವ ಹಕ್ಕಿನ ಮುಂದೆ ಅದು ನಿಲ್ಲುವುದಿಲ್ಲ.

ಇನ್ನೂ ದೊಡ್ಡ ಪ್ರಶ್ನೆ ‘ಮಸ್ಟರ್ ರೋಲ್’ ಎಂಬ ಪದದೊಳಗೆ ಕೂತಿದೆ. ಗುತ್ತಿಗೆ ಕಾರ್ಮಿಕರ ಹೆಸರು ಇರುವುದು ಗುತ್ತಿಗೆದಾರನ ಪುಸ್ತಕದಲ್ಲಿ. ಒಂದೇ ಲೈನಿನಲ್ಲಿ ಅಕ್ಕಪಕ್ಕ ನಿಂತು ಒಂದೇ ಬೋಲ್ಟ್ ಬಿಗಿಸುವ ಇಬ್ಬರಲ್ಲಿ ಒಬ್ಬನ ತಲೆ ಎಣಿಕೆಗೆ ಬರುತ್ತದೆ, ಇನ್ನೊಬ್ಬನದು ಬರುವುದಿಲ್ಲ. 400 ಕಾಯಂ, 600 ಗುತ್ತಿಗೆ ಇರುವ ಘಟಕದಲ್ಲಿ 204 ಮಂದಿಯ ಬೆಂಬಲ ಪಡೆದ ಸಂಘ ‘ಏಕೈಕ’ ಆಗಬಹುದು. ಸಾವಿರ ಮಂದಿಯಲ್ಲಿ ಐದನೇ ಒಂದು ಪಾಲು, ಅಷ್ಟೆ.

ಏಕೈಕ ಸಂಘ ಎಂಬ ವ್ಯವಸ್ಥೆ ಹಳಸಿದರೆ ಏನಾಗುತ್ತದೆ ಎಂಬುದಕ್ಕೆ ಮುಂಬಯಿಯ ಜವಳಿ ಗಿರಣಿಗಳಿಗಿಂತ ದೊಡ್ಡ ಪಾಠ ಬೇಕಿಲ್ಲ. 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆಯಡಿ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ ಒಂದೇ ಗಿರಣಿ ಕಾರ್ಮಿಕರ ಪ್ರಾತಿನಿಧಿಕ ಸಂಘವಾಗಿತ್ತು. ಕಾರ್ಮಿಕರು ಅದರಿಂದ ದೂರ ಸರಿದು ಇನ್ನೊಬ್ಬ ಕಾರ್ಮಿಕ ಮುಖಂಡ ದತ್ತಾ ಸಾಮಂತ್ ಹಿಂದೆ ಹೋದರು. ಆದರೆ ಕಾನೂನಿನ ಪ್ರಕಾರ ಸಾಮಂತ್ ಜೊತೆ ಮಾತಾಡುವ ಹಾಗೇ ಇರಲಿಲ್ಲ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಮಂದಿ ಕೆಲಸ ನಿಲ್ಲಿಸಿದರು. ಕಾಯ್ದೆಯನ್ನೇ ರದ್ದು ಮಾಡಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಅಧಿಕೃತವಾಗಿ ಆ ಮುಷ್ಕರ ಎಂದೂ ಮುಗಿಯಲೇ ಇಲ್ಲ. ನಿಧಾನವಾಗಿ ಗಿರಣಿಗಳೇ ಮುಗಿದವು. ‘ಯೂನಿಯನ್ ಮಾಡಿ ಹಾಳಾದರು’ ಎನ್ನುವವರಿಗೆ ಇದು ಮೆಚ್ಚಿನ ಉದಾಹರಣೆ. ವಿದ್ಯುತ್ ಮಗ್ಗಗಳ ಪೈಪೋಟಿ, ಹಳಸಿದ ಯಂತ್ರಗಳು, ಗಿರಣಿಗಿಂತ ಅದರ ಅಡಿಯ ಜಾಗಕ್ಕೆ ಹೆಚ್ಚು ಬೆಲೆ ಬಂದದ್ದು, ಇವನ್ನೆಲ್ಲ ಬಿಟ್ಟು ಹೇಳಿದರೆ ಮಾತ್ರ ಆ ಕಥೆ ಅಷ್ಟು ಸರಳ. ಜೊತೆಗೆ, ಕೆಲಸಗಾರರು ನಂಬಿದವನಿಗೆ ಸಹಿಯ ಅಧಿಕಾರವಿಲ್ಲ, ಸಹಿಯ ಅಧಿಕಾರವಿದ್ದವನನ್ನು ಕೆಲಸಗಾರರು ನಂಬುವುದಿಲ್ಲ ಎಂಬ ಸ್ಥಿತಿಯಲ್ಲಿ ರಾಜಿಗೆ ದಾರಿಯೇ ಉಳಿದಿರಲಿಲ್ಲ. ಹೊಸ ಸಂಹಿತೆಯ ಮೂರು ವರ್ಷದ ಅವಧಿ ಈ ಅಪಾಯವನ್ನು ತಗ್ಗಿಸುತ್ತದೆ, ಆದರೆ ಮರುಎಣಿಕೆ ಕಾಲಕ್ಕೆ ಸರಿಯಾಗಿ ನಡೆದರೆ ಮಾತ್ರ.

ಸಹಿ ಬಿದ್ದ ಮೇಲೆ

ವೇತನ ಒಪ್ಪಂದದ ಕೆಲಸ ಹೊರಗಿನವರಿಗೆ ಕಾಣುವುದಕ್ಕಿಂತ ಹೆಚ್ಚು ನೀರಸ. ಸರ್ವಸದಸ್ಯರ ಸಭೆಯಲ್ಲಿ ಬೇಡಿಕೆ ಪಟ್ಟಿಗೆ ಒಪ್ಪಿಗೆ ಪಡೆಯಬೇಕು. ಹಳೆಯ ಒಪ್ಪಂದ ಮುಗಿಸುತ್ತೇವೆ ಎಂದು ಲಿಖಿತ ನೋಟಿಸ್ ಕೊಡಬೇಕು. ಈ ಎರಡನೆಯದನ್ನು ಮರೆಯುವ ಸಂಘಗಳು ಕಡಿಮೆಯಿಲ್ಲ. ಒಪ್ಪಂದದ ಅವಧಿ ಮುಗಿದ ಮಾತ್ರಕ್ಕೆ ಅದು ಸಾಯುವುದಿಲ್ಲ. ಹಳೆಯ ಕಾಯ್ದೆಯ ಪ್ರಕಾರ ನೋಟಿಸ್ ಕೊಟ್ಟು ಎರಡು ತಿಂಗಳು ಕಳೆಯುವ ತನಕ, ಸಂಹಿತೆಯ ಪ್ರಕಾರ 60 ದಿನ ಕಳೆಯುವ ತನಕ, ಅದು ಇಬ್ಬರನ್ನೂ ಕಟ್ಟಿಹಾಕಿರುತ್ತದೆ. ನೋಟಿಸ್ ತಡವಾದಷ್ಟೂ ಹೊಸ ವೇತನ ಯಾವ ದಿನಾಂಕದಿಂದ ಅನ್ವಯ ಎಂಬ ಚೌಕಾಸಿಯಲ್ಲಿ ಸಂಘದ ಕೈ ಕೆಳಗಾಗುತ್ತದೆ.

ಹಳೆಯ ಕಾಯ್ದೆಯಡಿ ಒಪ್ಪಂದದಲ್ಲಿ ಎರಡು ಬಗೆ. ಕಾರ್ಮಿಕ ವಲಯದಲ್ಲಿ ಇವನ್ನು ಕಲಂ ಸಂಖ್ಯೆಯಿಂದಲೇ ಕರೆಯುವ ರೂಢಿ. 18(1) ಎಂದರೆ ಇಬ್ಬರೇ ಕೂತು ಮಾಡಿಕೊಂಡದ್ದು. ಸಹಿ ಹಾಕಿದವರಿಗೆ ಮಾತ್ರ ಅನ್ವಯ. 12(3) ಎಂದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಆದದ್ದು. ಸಂಘದ ಸದಸ್ಯರಲ್ಲದವರಿಗೂ, ನಾಳೆ ಕೆಲಸಕ್ಕೆ ಸೇರುವವರಿಗೂ ಅನ್ವಯ. ಸಂಧಾನದ ಹೊರಗಿನ ಒಪ್ಪಂದ ಮತ್ತು ಸಂಧಾನದಲ್ಲಾದ ಒಪ್ಪಂದ ಎಂಬ ಈ ಭೇದ ಸಂಹಿತೆಯಲ್ಲೂ ಇದೆ. ಆಡಳಿತ ಮಂಡಳಿಗಳು ಎರಡನೆಯದನ್ನು ಬಯಸುವುದು ಸಹಜ, ಒಮ್ಮೆ ಸಹಿಯಾದರೆ ಇನ್ನೊಂದು ಸಂಘ ಬಂದು ಮತ್ತೆ ಬಾಗಿಲು ತಟ್ಟುವಂತಿಲ್ಲ.

ಸದಸ್ಯರಲ್ಲದವರಿಗೂ ಹೆಚ್ಚಳ ಸಿಗುತ್ತದೆ ಎಂದಾದರೆ ಚಂದಾ ಕೊಡುವುದೇಕೆ? ಲೋಕದ ಎಲ್ಲ ಯೂನಿಯನ್‌ಗಳನ್ನೂ ಕಾಡಿದ ಪ್ರಶ್ನೆ ಇದು. ಅಮೆರಿಕದಲ್ಲಿ ಸದಸ್ಯರಲ್ಲದ ಸರ್ಕಾರಿ ನೌಕರರಿಂದ ಸಂಧಾನದ ಖರ್ಚಿನ ಪಾಲು ವಸೂಲಿ ಮಾಡುವುದನ್ನು ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲಿ ತಳ್ಳಿಹಾಕಿತು. ನಮ್ಮಲ್ಲಿ ಹಲವು ಸಂಘಗಳು ಒಪ್ಪಂದದ ಅರಿಯರ್ಸ್ ಬಂದಾಗ ಅದರಲ್ಲೊಂದು ಪಾಲು ಕೇಳುತ್ತವೆ. ಕಾರ್ಮಿಕ ಲಿಖಿತವಾಗಿ ಒಪ್ಪಿದರೆ ಸಂಬಳದಿಂದ ಮುರಿದುಕೊಳ್ಳಲು ಕಾನೂನು ಬಿಡುತ್ತದೆ. ಒಪ್ಪಿಗೆ ಪಡೆಯದೆ ಮುರಿದುಕೊಂಡ ಕಡೆ ಸಂಘದ ಮೇಲಿನ ನಂಬಿಕೆಯೂ ಮುರಿಯುತ್ತದೆ.

ಯೂನಿಯನ್ ವಿರೋಧಿಗಳ ವಾದದಲ್ಲಿ ಅತ್ಯಂತ ಗಟ್ಟಿಯಾದದ್ದು ಇರುವುದೂ ಒಪ್ಪಂದದ ಒಳಗೇ. ಹಳಬರ ವೇತನ, ಬೋನಸ್, ಮಕ್ಕಳ ಶಿಕ್ಷಣ ಭತ್ಯೆ ಉಳಿಸಿಕೊಳ್ಳಲು ಸಂಘ ಕೆಲವೊಮ್ಮೆ ಹೊಸಬರಿಗೆ ಕೆಳಗಿನ ಶ್ರೇಣಿಯನ್ನು ಒಪ್ಪಿಕೊಳ್ಳುತ್ತದೆ, ಗುತ್ತಿಗೆಯವರ ಸಂಖ್ಯೆ ಬೆಳೆಯುವುದನ್ನು ಕಂಡೂ ಕಾಣದಂತೆ ಇರುತ್ತದೆ. ಹಳಬರು ನಿವೃತ್ತರಾಗುತ್ತ ಹೋದಂತೆ ಸಂಘದ ಬಲವೂ ಕರಗುತ್ತದೆ. ಇದನ್ನು ಮಾಲೀಕರ ಕುತಂತ್ರ ಎಂದಷ್ಟೇ ಹೇಳುವುದು ಅರ್ಧ ಸತ್ಯ, ಮತ ಇಲ್ಲದವರ ಪರವಾಗಿ ಹೋರಾಡಲು ಆಯ್ಕೆಯಾದ ಮುಖಂಡನಿಗೆ ಕಾರಣ ಕಡಿಮೆ. 2001ರ ಭಾರತೀಯ ಉಕ್ಕು ಪ್ರಾಧಿಕಾರದ ತೀರ್ಪಿನಲ್ಲಿ, ಗುತ್ತಿಗೆ ಪದ್ಧತಿ ನಿಷೇಧವಾದರೂ ಆ ಕಾರ್ಮಿಕರು ತಾವಾಗಿ ಕಾಯಂ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕಾಯಂ ಮತ್ತು ಗುತ್ತಿಗೆಯವರ ನಡುವಿನ ಗೋಡೆ ಇನ್ನಷ್ಟು ಎತ್ತರವಾಯಿತು.

ಅರ್ಥಶಾಸ್ತ್ರಜ್ಞರು ಒಪ್ಪದಿರುವುದೇಕೆ

ಪಠ್ಯಪುಸ್ತಕದ ವಾದ ಹೀಗೆ: ಸಂಘ ಎಂದರೆ ದುಡಿಮೆಯ ಮಾರಾಟದಲ್ಲಿ ಏಕಸ್ವಾಮ್ಯ. ಬೆಲೆ ಏರಿಸಿದರೆ ಕೊಳ್ಳುವವರು ಕಡಿಮೆ ಕೊಳ್ಳುತ್ತಾರೆ, ಅಂದರೆ ಕೆಲಸಗಳು ಕಡಿಮೆಯಾಗುತ್ತವೆ. ಇದಕ್ಕೆ ಎದುರಾಗಿ 1984ರಲ್ಲಿ ರಿಚರ್ಡ್ ಫ್ರೀಮನ್ ಮತ್ತು ಜೇಮ್ಸ್ ಮೆಡಾಫ್ ಸಂಘಕ್ಕೆ ಎರಡು ಮುಖ ಇದೆ ಎಂದರು. ಏಕಸ್ವಾಮ್ಯ ಒಂದು, ದನಿ ಇನ್ನೊಂದು. ದೂರು ಹೇಳಲು ಜಾಗವಿದ್ದರೆ ಜನ ಕೆಲಸ ಬಿಟ್ಟು ಹೋಗುವುದು ಕಡಿಮೆಯಾಗುತ್ತದೆ, ಅನುಭವ ಒಳಗೇ ಉಳಿಯುತ್ತದೆ, ಹೊಸಬರಿಗೆ ಕಲಿಸುವ ಖರ್ಚು ಉಳಿಯುತ್ತದೆ. ಮೂರನೆಯ ವಾದ ಮಾಲೀಕರ ಬಲವನ್ನು ಲೆಕ್ಕಕ್ಕೆ ತರುತ್ತದೆ. ಒಂದು ಪ್ರದೇಶದಲ್ಲಿ ಕೆಲಸ ಕೊಡುವವರು ಕೆಲವರೇ ಇದ್ದು, ಕೆಲಸಗಾರರಿಗೆ ಬೇರೆ ಕಡೆ ಹೋಗುವುದು ಕಷ್ಟವಾದರೆ, ವೇತನ ಮೊದಲೇ ದುಡಿಮೆಯ ಮೌಲ್ಯಕ್ಕಿಂತ ಕೆಳಗಿರುತ್ತದೆ. ಅಲ್ಲಿ ಸಂಘ ಒಂದು ಮಿತಿಯವರೆಗೆ ವೇತನ ಏರಿಸಿದರೂ ಕೆಲಸ ಕಡಿಮೆಯಾಗಬೇಕಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ವಲಯದಲ್ಲಿ ಕಾರ್ಖಾನೆಗಳು ನೂರಾರು ಇದ್ದರೂ ಕನಿಷ್ಠ ವೇತನವೇ ಬಹುಮಟ್ಟಿಗೆ ಎಲ್ಲ ಕಡೆಯ ವೇತನ. ಇದನ್ನು ವಿವರಿಸಲು ಮೊದಲ ವಾದಕ್ಕಿಂತ ಮೂರನೆಯದು ಹೆಚ್ಚು ಒಗ್ಗುತ್ತದೆ.

ಭಾರತದ ಬಗ್ಗೆ ಹೆಚ್ಚು ಉಲ್ಲೇಖಗೊಂಡ ಅಧ್ಯಯನ ಟಿಮೊಥಿ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್ ಅವರ 2004ರದು. ರಾಜ್ಯಗಳು ಕೈಗಾರಿಕಾ ವಿವಾದ ಕಾಯ್ದೆಗೆ ತಂದ ತಿದ್ದುಪಡಿಗಳನ್ನು ಕಾರ್ಮಿಕರ ಪರ, ಮಾಲೀಕರ ಪರ, ತಟಸ್ಥ ಎಂದು ವಿಂಗಡಿಸಿ, ಕಾರ್ಮಿಕರ ಪರ ವಾಲಿದ ರಾಜ್ಯಗಳಲ್ಲಿ ನೋಂದಾಯಿತ ಕಾರ್ಖಾನೆಗಳ ಉತ್ಪಾದನೆ, ಹೂಡಿಕೆ, ಉದ್ಯೋಗ ಕುಗ್ಗಿತು ಎಂದು ಅವರು ತೋರಿಸಿದರು. ಆದಿತ್ಯ ಭಟ್ಟಾಚಾರ್ಜಿಯ ಮುಂತಾದವರು ಆ ವಿಂಗಡಣೆಯನ್ನೇ ಪ್ರಶ್ನಿಸಿದರು. ಬಿಡಿ ತಿದ್ದುಪಡಿಯೊಂದನ್ನು ಹಿಡಿದು ಗುಜರಾತಿಗೆ ‘ಕಾರ್ಮಿಕರ ಪರ’ ಎಂಬ ಹಣೆಪಟ್ಟಿ ಕಟ್ಟುವ ವಿಧಾನದಲ್ಲಿ ಎಷ್ಟು ಹುರುಳಿದೆ ಎಂಬುದು ಅವರ ತಕರಾರು. ಅಷ್ಟಕ್ಕೂ ಅಲ್ಲಿ ಅಳೆದದ್ದು ಕಾನೂನಿನ ಪುಟಗಳನ್ನು, ಸಂಘಗಳನ್ನಲ್ಲ. 100 ಅಥವಾ ಹೆಚ್ಚು ಮಂದಿ ಇದ್ದರೆ ಮುಚ್ಚಲು ಸರ್ಕಾರದ ಅನುಮತಿ ಬೇಕು ಎಂಬ ನಿಯಮ ಯೂನಿಯನ್ ಇಲ್ಲದ ಕಾರ್ಖಾನೆಗೂ ಅನ್ವಯಿಸುತ್ತಿತ್ತು. ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿದೆ, ಸ್ಥಾಯಿ ಆದೇಶಗಳಿಗೂ ಅದೇ 300. ಕಾನೂನಿನ ಬಿಗಿಯನ್ನು ಯೂನಿಯನ್‌ನ ಲೆಕ್ಕಕ್ಕೆ ಬರೆಯುವುದು, ಯೂನಿಯನ್‌ನ ಸಾಧನೆಯನ್ನು ಕಾನೂನಿನ ಲೆಕ್ಕಕ್ಕೆ ಬರೆಯುವುದು, ಎರಡೂ ಚರ್ಚೆಯನ್ನು ಕಲಕುತ್ತವೆ.

ಮುಷ್ಕರದ ಕಿಟಕಿ

ಹಳೆಯ ಕಾಯ್ದೆಯಲ್ಲಿ ಮುಂಗಡ ನೋಟಿಸ್ ಕಡ್ಡಾಯವಾಗಿದ್ದದ್ದು ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ. ಈಗ ಎಲ್ಲ ಕೈಗಾರಿಕೆಗಳಿಗೂ 14 ದಿನದ ನೋಟಿಸ್ ಬೇಕು, ಅದರ ಆಯುಷ್ಯ 60 ದಿನ. ಶೇ 50 ಅಥವಾ ಹೆಚ್ಚು ಮಂದಿ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ನಿಯಮಬಾಹಿರ ಮುಷ್ಕರಕ್ಕೆ ಕಾರ್ಮಿಕನಿಗೆ 1,000ದಿಂದ 10,000 ರೂಪಾಯಿ ದಂಡ ಅಥವಾ ಒಂದು ತಿಂಗಳವರೆಗೆ ಸೆರೆ, ಅಥವಾ ಎರಡೂ. ನಿಯಮಬಾಹಿರ ಲಾಕೌಟ್‌ಗೆ ಮಾಲೀಕರಿಗೆ ದಂಡ 50,000ದಿಂದ 1 ಲಕ್ಷ.

ಮಾಲೀಕರ ಸಂಘಟನೆಗಳ ಮಾತು ಸರಳ: ರಫ್ತಿನ ಆರ್ಡರ್ ಹಡಗಿಗೇರುವ ದಿನ ದಿಢೀರನೆ ಗೇಟ್ ಮುಚ್ಚಿದರೆ ಗಿರಾಕಿ ಮತ್ತೆ ಬರುವುದಿಲ್ಲ, 14 ದಿನವಾದರೂ ಮಾತುಕತೆಗೆ ಸಮಯ ಬೇಕು. ಮಾತು ನ್ಯಾಯವಾದದ್ದೇ. ಆದರೆ ನಿಯಮಗಳನ್ನು ಸಾಲಾಗಿ ಜೋಡಿಸಿ ನೋಡಿ. ನೋಟಿಸ್ ತಲುಪಿದ ಮೇಲೆ ಸಂಧಾನಾಧಿಕಾರಿ ಮೊದಲ ಸಭೆ ಕರೆದ ದಿನದಿಂದ ಸಂಧಾನ ಆರಂಭವಾದಂತೆ. ಸಂಧಾನ ನಡೆಯುವಾಗ ಮತ್ತು ಮುಗಿದು ಏಳು ದಿನದವರೆಗೆ ಮುಷ್ಕರ ನಿಷಿದ್ಧ. ಸಂಧಾನ ವಿಫಲವಾದರೆ ಯಾರು ಬೇಕಾದರೂ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ಮೊದಲಿನಂತೆ ಸರ್ಕಾರದ ಶಿಫಾರಸಿಗೆ ಕಾಯಬೇಕಿಲ್ಲ. ನ್ಯಾಯಮಂಡಳಿಯಲ್ಲಿ ವಿಚಾರಣೆ ಇರುವಷ್ಟು ಕಾಲ ಮತ್ತು ಮುಗಿದು 60 ದಿನ ಮತ್ತೆ ನಿಷಿದ್ಧ. ಸಂಧಾನ ಮುರಿದ ಏಳು ದಿನದೊಳಗೆ ಮಾಲೀಕರು ಅರ್ಜಿ ಹಾಕಿಬಿಟ್ಟರೆ ನಿಯಮಬದ್ಧ ಮುಷ್ಕರದ ಕಿಟಕಿ ತೆರೆಯುವ ಮೊದಲೇ ಮುಚ್ಚಿದಂತೆ. ನೇರ ಅರ್ಜಿಯ ಅವಕಾಶ ಕಾರ್ಮಿಕರಿಗೂ ಅನುಕೂಲವೇ ಹೌದು. ಆದರೆ ಮುಷ್ಕರದ ಹಕ್ಕಿನ ಜೊತೆ ಅದನ್ನು ಹೆಣೆದ ರೀತಿಯಿಂದ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಗಿದೆ. ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟುವ ಹಕ್ಕು ಕೊಡುತ್ತದೆ, ಮುಷ್ಕರದ ಹಕ್ಕನ್ನಲ್ಲ ಎಂದು ಸುಪ್ರೀಂ ಕೋರ್ಟ್ 1961ರಿಂದಲೂ ಹೇಳುತ್ತ ಬಂದಿದೆ. ಹಾಗಾಗಿ ಸಂಹಿತೆಯ ಹೊರಗೆ ಆಸರೆ ಹುಡುಕುವುದೂ ಕಷ್ಟ.

ಮುಷ್ಕರ ಕಷ್ಟವಾದರೆ ಕಾರ್ಖಾನೆ ಶಾಂತವಾಗಿರುತ್ತದೆ ಎಂಬ ಎಣಿಕೆ ಎಷ್ಟು ಸರಿ? 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ರಸ್ತೆಗಳನ್ನು ತಡೆದವರು ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಬೀದಿಗೆ ತಂದಿತ್ತು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿತು, ಎರಡನೇ ದಿನ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಪೊಲೀಸರಿಗೆ ಕರೆದು ಮಾತಾಡಲು ಒಬ್ಬ ಮುಖಂಡರೂ ಸಿಗಲಿಲ್ಲ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ ದಾಂಧಲೆ ಆದಾಗಲೂ ಅಲ್ಲಿ ಯೂನಿಯನ್ ಇರಲಿಲ್ಲ. ಬಹುಪಾಲು ಮಂದಿ ಗುತ್ತಿಗೆಯವರು. ಕೆಲವರಿಗೆ ವೇತನ ಸರಿಯಾಗಿ, ಸಮಯಕ್ಕೆ ಪಾವತಿಯಾಗಿಲ್ಲ ಎಂದು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ತಿಂಗಳ ಸಂಬಳದಲ್ಲಿನ ತಪ್ಪು ಮೇಲಿನವರ ಮೇಜಿಗೆ ತಲುಪಿಸುವ ದಾರಿ ಕಟ್ಟಿಹೋಗಿದ್ದರಿಂದ ಅದು ಗಾಜು ಒಡೆಯುವ ಮಟ್ಟಕ್ಕೆ ಬೆಳೆಯಿತು. ಯೂನಿಯನ್ ಇರುವ ಕಡೆ ಹಿಂಸೆ ಆಗುವುದಿಲ್ಲ ಎಂದೇನಲ್ಲ, ಮಾನೇಸರ ಕಣ್ಣ ಮುಂದಿದೆ. ಆದರೆ ಯೂನಿಯನ್ ಇಲ್ಲದಿರುವುದನ್ನೇ ಶಾಂತಿ ಎಂದು ಲೆಕ್ಕ ಹಾಕುವ ವ್ಯವಸ್ಥಾಪಕರು ದೂರು ಬರದಿರುವುದನ್ನೂ ದೂರು ಇಲ್ಲದಿರುವುದನ್ನೂ ಒಂದೇ ಎಂದುಕೊಂಡಿರುತ್ತಾರೆ.

ಹೊರಗಿನ ಮುಖಂಡರು

ಕಂಪನಿಗೂ ಕೆಲಸಕ್ಕೂ ಸಂಬಂಧವಿಲ್ಲದ ವಕೀಲರು, ರಾಜಕಾರಣಿಗಳು ಸಂಘದ ಅಧ್ಯಕ್ಷರಾಗುವುದು ಯಾಕೆ ಎಂಬ ಆಕ್ಷೇಪ ಹಳೆಯದು. 2001ರ ನಂತರ ಸಂಘಟಿತ ವಲಯದಲ್ಲಿ ಹೊರಗಿನವರು ಪದಾಧಿಕಾರಿಗಳಲ್ಲಿ ಮೂರನೇ ಒಂದು ಪಾಲು ಅಥವಾ ಐದು ಮಂದಿ, ಯಾವುದು ಕಡಿಮೆಯೋ ಅಷ್ಟನ್ನು ಮೀರುವಂತಿಲ್ಲ. ಹೊರಗಿನವರ ಅಗತ್ಯ ಹುಟ್ಟುವುದು ಒಳಗಿನವರಿಗೆ ಕೆಲಸ ಕಳೆದುಕೊಳ್ಳುವ ಭಯ ಇರುವುದರಿಂದ. ಸಂಘದ ಕಾರ್ಯದರ್ಶಿಯನ್ನೇ ಮೊದಲು ಅಮಾನತು ಮಾಡುವ ಕಡೆ ಎದುರು ಕೂತು ಮಾತಾಡಲು ಸಂಬಳದ ಹಂಗಿಲ್ಲದ ಒಬ್ಬರು ಬೇಕಾಗುತ್ತದೆ. ವಾಡಿಯಾ ಕೂಡ ಹೊರಗಿನವರೇ. ಅದರ ಬೆಲೆಯೂ ಉಂಟು: ಪಕ್ಷಕ್ಕೊಂದು ಸಂಘ, ಸಂಘಕ್ಕೊಂದು ಬಣ, ಚುನಾವಣೆ ಹತ್ತಿರ ಬಂದಾಗ ಏರುವ ಬೇಡಿಕೆ. ಸಂಘದ ರಾಜಕೀಯ ನಿಧಿ ಸಾಮಾನ್ಯ ನಿಧಿಯಿಂದ ಬೇರೆ ಇರಬೇಕು, ಅದಕ್ಕೆ ಕೊಡುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಸದಸ್ಯರಲ್ಲಿ ಎಷ್ಟು ಮಂದಿ ಈ ಲೆಕ್ಕ ಕೇಳಿದ್ದಾರೆ? ಲೆಕ್ಕಪರಿಶೋಧನೆಯ ಪ್ರತಿ, ಒಪ್ಪಂದದ ಕನ್ನಡ ಪ್ರತಿ, ಪದಾಧಿಕಾರಿಗಳ ಚುನಾವಣೆಯ ದಿನಾಂಕ, ಈ ಮೂರನ್ನು ನೋಟಿಸ್ ಬೋರ್ಡಿಗೆ ಹಚ್ಚದ ಸಂಘ ಮಾಲೀಕರಿಂದ ಪಾರದರ್ಶಕತೆ ಕೇಳುವಾಗ ಅದರ ದನಿ ತೆಳುವಾಗುತ್ತದೆ.

ಸಂಹಿತೆಯಲ್ಲಿ ನೋಂದಣಿ ರದ್ದು ಮಾಡಲು ರಿಜಿಸ್ಟ್ರಾರ್‌ಗೆ ಸಿಕ್ಕಿರುವ ಅಧಿಕಾರವೂ ಗಮನಿಸಬೇಕಾದದ್ದು. ಸಂಹಿತೆಯ ಉಲ್ಲಂಘನೆಯ ಮಾಹಿತಿ ಬಂದರೆ ಕ್ರಮಕ್ಕೆ ಅವಕಾಶವಿದೆ. ನಿಯಮಬಾಹಿರ ಮುಷ್ಕರದ ಆರೋಪವೊಂದೇ ಸಂಘದ ಅಸ್ತಿತ್ವಕ್ಕೆ ಕುತ್ತು ತರಬಹುದು ಎಂಬ ಕೇಂದ್ರ ಕಾರ್ಮಿಕ ಸಂಘಟನೆಗಳ ಆತಂಕವನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕುವಂತಿಲ್ಲ. ಸಂಘಟನಾ ಸ್ವಾತಂತ್ರ್ಯ ಮತ್ತು ಸಾಮೂಹಿಕ ಚೌಕಾಸಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 87 ಮತ್ತು 98ನೇ ಒಡಂಬಡಿಕೆಗಳನ್ನು ಭಾರತ ಅನುಮೋದಿಸಿಲ್ಲ. ಹೀಗಾಗಿ ಹೊರಗಿನ ಒತ್ತಡವೂ ಮಿತವಾದದ್ದೇ.

ಗೇಟ್ ಇಲ್ಲದ ಕಾರ್ಖಾನೆ

1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಸ್ವಯಂ ಉದ್ಯೋಗಿ ಮಹಿಳೆಯರ ‘ಸೇವಾ’ ಸಂಘವನ್ನು ನೋಂದಾಯಿಸಲು ಹೋದಾಗ ಅಧಿಕಾರಿಗಳು ಎತ್ತಿದ ತಕರಾರು: ತಲೆಹೊರೆ ಹೊರುವವರಿಗೆ, ತರಕಾರಿ ಮಾರುವವರಿಗೆ ಮಾಲೀಕರೇ ಇಲ್ಲ, ಇನ್ನು ಸಂಘ ಯಾರ ವಿರುದ್ಧ? ಸಂಘ ಎಂದರೆ ವಿರುದ್ಧ ನಿಲ್ಲುವುದಷ್ಟೇ ಅಲ್ಲ, ಒಟ್ಟಿಗೆ ನಿಲ್ಲುವುದೂ ಹೌದು ಎಂದು ವಾದಿಸಿ ಅವರು ನೋಂದಣಿ ಪಡೆದರು. ಅದೇ ತಕರಾರು ಈಗ ಆ್ಯಪ್ ಆಧಾರಿತ ಕೆಲಸದಲ್ಲಿ ಮರಳಿ ಬಂದಿದೆ. ಸಂಹಿತೆಯಲ್ಲಿ ಸಂಘ ಕಟ್ಟುವ ಅಧ್ಯಾಯಕ್ಕೆ ಮಾತ್ರ ‘ಕಾರ್ಮಿಕ’ ಪದದ ಅರ್ಥ ವಿಶಾಲವಾಗಿದ್ದು ಅಸಂಘಟಿತರನ್ನೂ ಒಳಗೊಳ್ಳುತ್ತದೆ. ಹಾಗಾಗಿ ಸಂಘ ಕಟ್ಟಿಕೊಳ್ಳಲು ಅಡ್ಡಿ ಕಡಿಮೆ.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ತಂದಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ ಕಂಪನಿಗಳು ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು. ಕಾರಣ ತಿಳಿಸಿ 14 ದಿನದ ನೋಟಿಸ್ ಕೊಡದೆ ಕಾರ್ಮಿಕನ ಆ್ಯಪ್ ಐಡಿ ಕಿತ್ತುಹಾಕುವಂತಿಲ್ಲ. ಕಲ್ಯಾಣ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇರುತ್ತಾರೆ. ಆದರೆ ಅವರನ್ನು ಸರ್ಕಾರ ನಾಮನಿರ್ದೇಶನ ಮಾಡುತ್ತದೆ, ಕಾರ್ಮಿಕರು ಮತ ಹಾಕಿ ಆರಿಸುವುದಿಲ್ಲ. ಒಂದು ಆರ್ಡರಿಗೆ ಎಷ್ಟು ರೂಪಾಯಿ, ಕಾಯುವ ಹೊತ್ತಿಗೆ ಎಷ್ಟು, ಮಳೆಯಲ್ಲಿ ಎಷ್ಟು ಎಂಬುದನ್ನು ಚೌಕಾಸಿ ಮಾಡಲು ಸಂಧಾನ ಸಂಘ ಬೇಕು. ಸಂಧಾನ ಸಂಘ ಆಗಲು ಮಸ್ಟರ್ ರೋಲ್‌ನ ಶೇ 51 ತೋರಿಸಬೇಕು. ಆ್ಯಪ್‌ನಲ್ಲಿ ಬೆಳಗ್ಗೆ ಲಾಗಿನ್ ಆಗಿ ರಾತ್ರಿ ಲಾಗೌಟ್ ಆಗುವವರ ಹೆಸರು ಯಾವ ಮಸ್ಟರ್ ರೋಲ್‌ನಲ್ಲೂ ಇರುವುದಿಲ್ಲ.